ಕಲ್ಪತರು ನಾಡಿನ ಎರಡು ಗಾಳಿ

(ಮಾತಾಡುವವರು ಇಬ್ಬರು: ತಿಪಟೂರು ಸೀಮೆಯ ಒಬ್ಬ ತೆಂಗು ಬೆಳೆಗಾರ, ಅವನಿಗೆ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟ ನಿವೃತ್ತ ಮೇಷ್ಟ್ರು. ಕಾಲ: ಆಷಾಢ.)

ಬೆಳೆಗಾರ: ಮೇಷ್ಟ್ರೇ, ತೋಟದಲ್ಲಿ ಹೊಸದಾಗಿ ಕೊಬ್ಬರಿ ಶೆಡ್ ಕಟ್ಟಿಸ್ತಾ ಇದ್ದೀನಿ, ಮೇಲೆ ಅಟ್ಟ. ಕಿಟಕಿ ಯಾವ ಕಡೆಗೆ ಇಡಲಿ ಅಂತ ಗಾರೆಯವನು ಕೇಳಿದ. ಪಡುವಣಕ್ಕೇ ಇಡಪ್ಪ, ನಮ್ಮ ಸೀಮೆಗೆ ಗಾಳಿ ಬರೋದೇ ಆ ಕಡೆಯಿಂದ ಅಂದೆ. ಸರಿ ತಾನೇ?

ಮೇಷ್ಟ್ರು: ಆಷಾಢದ ಮಟ್ಟಿಗೆ ಸರಿ. ಸಂಕ್ರಾಂತಿಯ ಹೊತ್ತಿಗೆ ತಪ್ಪು. ಅಟ್ಟಕ್ಕೆ ಹಾಕಿದ ಕಾಯಿ ಎಷ್ಟು ತಿಂಗಳು ಬಿಡ್ತೀಯ?

ಬೆಳೆಗಾರ: ಹತ್ತು, ಹನ್ನೊಂದು. ದುಡ್ಡಿಗೆ ಅವಸರ ಇದ್ದವರು ಎಂಟಕ್ಕೇ ಇಳಿಸ್ತಾರೆ.

ಮೇಷ್ಟ್ರು: ಅಂದರೆ ನಿನ್ನ ಕಾಯಿ ವರ್ಷದ ಎಲ್ಲ ಗಾಳಿಯನ್ನೂ ಕಂಡೇ ಕೊಬ್ಬರಿ ಆಗೋದು. ಕಿಟಕಿ ಮಾತ್ರ ಒಂದೇ ಗಾಳಿಗೆ ಇಡ್ತೀನಿ ಅಂದರೆ ಹೇಗೆ? ಮೊದಲು ಈಗ ಬೀಸ್ತಾ ಇರೋದು ಎಲ್ಲಿಂದ ಬಂತು ನೋಡೋಣ. ನಕ್ಷೆ ಮೇಲೆ ತಿಪಟೂರಿನಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಎಲ್ಲಿಗೆ ಹೋಗುತ್ತೆ ಹೇಳು.

ಬೆಳೆಗಾರ: ಅರಸೀಕೆರೆ ಸೀಮೆ, ಚಿಕ್ಕಮಗಳೂರು, ಆಮೇಲೆ ಘಟ್ಟ.

ಮೇಷ್ಟ್ರು: ಘಟ್ಟ ಇಳಿದರೆ ಉಡುಪಿ. ತಿಪಟೂರು, ಉಡುಪಿ ಹೆಚ್ಚೂಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಡುವೆ ನೇರ ದೂರ 190 ಕಿ.ಮೀ. ಆಸುಪಾಸು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ.ಗೂ ಮೇಲೆ ಮಳೆ, ಘಟ್ಟದ ನೆತ್ತಿಯ ಆಗುಂಬೆಯಲ್ಲಿ 7,000ಕ್ಕೂ ಮೇಲೆ, ನಮ್ಮ ತುಮಕೂರು ಜಿಲ್ಲೆಯ ಸರಾಸರಿ 600ರಿಂದ 700. ಮೂರೂ ಕಡೆ ಬೀಸೋದು ಅದೇ ಗಾಳಿ. ವ್ಯತ್ಯಾಸ ಮಾಡಿದ್ದು ನೆಲ.

ಬೆಳೆಗಾರ: ಘಟ್ಟ ಮಳೆ ತಡೆಯುತ್ತೆ ಅಂತ ನೀವೇ ಪಾಠ ಮಾಡಿದ್ರಿ. ನನಗೆ ಅರ್ಥ ಆಗದೇ ಇರೋದು ಬೇರೆ. ಮಳೆ ತಡೆಯೋ ಬೆಟ್ಟ ಗಾಳಿಯನ್ನ ಯಾಕೆ ತಡೆಯಲ್ಲ? ಆಷಾಢ ಬಂತು ಅಂದರೆ ಗರಿ ಒಂದೇ ಸಮ ಬಡಿದಾಡುತ್ತೆ. ಪಡುವಣ ಬದಿಯ ಎರಡು ಸಾಲು ಮರದಲ್ಲಿ ಗರಿಯ ತುದಿ ಸೀಳಿ ಜಾಲರಿ ಆಗಿರುತ್ತೆ.

ಮೇಷ್ಟ್ರು: ಒಳ್ಳೆ ಪ್ರಶ್ನೆ. ಈ ಗಾಳಿ ಹುಟ್ಟೋದು ಸಮಭಾಜಕ ವೃತ್ತದ ಆಚೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಅಲ್ಲಿಂದ ವಾಯವ್ಯಕ್ಕೆ ಹೊರಟು ಆಫ್ರಿಕಾದ ಪೂರ್ವ ಕರಾವಳಿ ಮುಟ್ಟುತ್ತೆ. ಅಲ್ಲಿ ಕೀನ್ಯಾ, ಇಥಿಯೋಪಿಯಾದ ಎತ್ತರದ ನಾಡು ಅಡ್ಡ ನಿಂತಿದೆ. ಮುಂದೆ ಹೋಗೋಕೆ ದಾರಿ ಇಲ್ಲದೆ ಬೆಟ್ಟದ ಪಕ್ಕಕ್ಕೇ ಒತ್ತಿಕೊಂಡು, ವೇಗ ಪಡೆದು, ಸೊಮಾಲಿಯಾ ತೀರದಿಂದ ಅರಬ್ಬೀ ಸಮುದ್ರದ ಮೇಲೆ ನಮ್ಮ ಕಡೆಗೆ ತಿರುಗುತ್ತೆ. ಭಾರತದ ಪರ್ಯಾಯ ದ್ವೀಪದ ಮೇಲೆ ಜುಲೈನಲ್ಲಿ ಇಂಥ ರಭಸದ ಪ್ರವಾಹ ಇದೆ ಅಂತ 1966ರಲ್ಲಿ ಪಿ.ವಿ. ಜೋಸೆಫ್, ಪಿ.ಎಲ್. ರಾಮನ್ ಎಂಬ ಹವಾಮಾನ ವಿಜ್ಞಾನಿಗಳು ತೋರಿಸಿದರು. 1969ರಲ್ಲಿ ಬ್ರಿಟನ್ನಿನ ಫಿಂಡ್‌ಲೇಟರ್ ಅದನ್ನ ಆಫ್ರಿಕಾದ ಕಡೆಯಿಂದ ಗುರುತಿಸಿದರು. ಈಗ ಅವರ ಹೆಸರೇ ಆ ಗಾಳಿಗೆ ನಿಂತಿದೆ.

ಬೆಳೆಗಾರ: ಆಫ್ರಿಕಾದ ಬೆಟ್ಟ ತಿರುಗಿಸಿದ ಗಾಳಿ ತಿಪಟೂರಿನ ಗರಿ ಸೀಳುತ್ತೆ ಅಂತೀರ!

ಮೇಷ್ಟ್ರು: ಅದರ ಜೊತೆಗೆ ನಮ್ಮ ನೆಲದ ಎತ್ತರವೂ ಸೇರಿದೆ. ಈ ಪ್ರವಾಹದ ವೇಗ ಅತಿ ಹೆಚ್ಚಿರೋದು ಸಮುದ್ರ ಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ. ತಿಪಟೂರು ಇರೋದೇ 860 ಮೀಟರ್ ಎತ್ತರದಲ್ಲಿ. ಲೆಕ್ಕ ಹಾಕು: ಆ ಓಟ ನಮ್ಮ ತಲೆ ಮೇಲೆ ಆರೇಳು ನೂರು ಮೀಟರಿಗೇ ಇದೆ. ಕರಾವಳಿಯವರಿಗೆ ದೂರ, ನಮಗೆ ಹತ್ತಿರ.

ಬೆಳೆಗಾರ: ಹಂಗಾದರೆ ಸಂಜೆ ಆಗುತ್ತಲೇ ಯಾಕೆ ಬೀಳುತ್ತೆ? ಹಗಲೆಲ್ಲ ಅಬ್ಬರ, ದೀಪ ಹಚ್ಚೋ ಹೊತ್ತಿಗೆ ಸುಮ್ಮನೆ.

ಮೇಷ್ಟ್ರು: ಮೇಲೆ ಬಿದ್ದಿರಲ್ಲ, ಕೆಳಗೆ ಮಾತ್ರ. ಹಗಲು ನೆಲ ಕಾಯುತ್ತೆ. ಕಾದ ಗಾಳಿ ಏಳುತ್ತೆ, ಅದರ ಜಾಗಕ್ಕೆ ಮೇಲಿನ ಗಾಳಿ ತನ್ನ ವೇಗದ ಸಮೇತ ಇಳಿಯುತ್ತೆ. ಹೀಗೆ ಮೇಲೆ ಕೆಳಗೆ ಕಲಸಿಕೊಳ್ಳೋದರಿಂದ ಮಧ್ಯಾಹ್ನದ ಬಡಿತ. ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿಯೂ ತಣ್ಣಗೆ ಭಾರವಾಗಿ ತಳದಲ್ಲೇ ಕೂರುತ್ತೆ. ಮೇಲಿನ ಓಟಕ್ಕೂ ಕೆಳಗಿನ ತೋಟಕ್ಕೂ ನಂಟು ಕಡಿಯುತ್ತೆ. ರಾತ್ರಿ ಹೊತ್ತು ಬೆಟ್ಟದ ನೆತ್ತಿಗೆ ಹೋಗಿ ನಿಂತು ನೋಡು, ಅಲ್ಲಿ ಬೀಸ್ತಾನೇ ಇರುತ್ತೆ.

ಬೆಳೆಗಾರ: ಮೋಡವೂ ದಿನವಿಡೀ ಪಡುವಣದಿಂದ ಮೂಡಣಕ್ಕೆ ಓಡುತ್ತೆ. ನಿಂತು ಸುರಿಯೋದೇ ಇಲ್ಲ. ಸೋನೆ ಹಿಡಿದು ಮೈ ಒದ್ದೆ ಮಾಡುತ್ತೆ, ಬುಡ ಒದ್ದೆ ಆಗಲ್ಲ. ನಮ್ಮಲ್ಲಿ ಗಟ್ಟಿ ಮಳೆ ಅಂದರೆ ಮೇ ತಿಂಗಳದ್ದು, ಇಲ್ಲ ಹಸ್ತ ಚಿತ್ತದ್ದು.

ಮೇಷ್ಟ್ರು: ಮಳೆ ಹೋಗೋದು ಎರಡು ಕಡೆ. ಸಮುದ್ರದಿಂದ ಬಂದ ಹಸಿ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ನೀರು ಸುರಿಸುತ್ತೆ. ಆಚೆ ಇಳಿಯುವಾಗ ಬಿಸಿ ಆಗುತ್ತೆ. ಒಣ ಗಾಳಿ ಸಾವಿರ ಮೀಟರ್ ಇಳಿದರೆ ಸುಮಾರು 10 ಡಿಗ್ರಿ ಏರುತ್ತೆ. ಬಿಸಿ ಆದ ಗಾಳಿಯಲ್ಲಿ ಮೋಡ ಕರಗುತ್ತೆ. ಅದೂ ನಮ್ಮ ಗೆರೆ ಮೇಲೆ ಒಂದು ಗೋಡೆ ಅಲ್ಲ, ಎರಡು. ಮೊದಲು ಕುದುರೆಮುಖದ ಸಾಲು, ಆಮೇಲೆ ಬಾಬಾಬುಡನ್‌ಗಿರಿ ಸಾಲು. ಅದರಲ್ಲಿ ಮುಳ್ಳಯ್ಯನಗಿರಿ 1,900 ಮೀಟರಿಗೂ ಮೇಲೆ, ರಾಜ್ಯದಲ್ಲೇ ಎತ್ತರದ ಶಿಖರ, ಇಲ್ಲಿಂದ 80 ಕಿ.ಮೀ. ಅಷ್ಟೇ. ಇನ್ನೊಂದು ಕಾರಣ ನಮ್ಮ ತಲೆ ಮೇಲೇ ಇದೆ. ಗುಡುಗು ಮಳೆ ಬರಬೇಕಾದರೆ ಮೋಡ ನೆಟ್ಟಗೆ ಎತ್ತರಕ್ಕೆ ಬೆಳೀಬೇಕು. ಆಷಾಢದಲ್ಲಿ ಕೆಳಗಿನ ಗಾಳಿ ಪಡುವಣದಿಂದ ನೂಕುತ್ತೆ, ಬಹಳ ಎತ್ತರದ ಗಾಳಿ ಮೂಡಣದಿಂದ ನೂಕುತ್ತೆ. ಬೆಳೆಯೋಕೆ ಹೊರಟ ಮೋಡ ನಡುವೆಯೇ ಕತ್ತರಿಸಿ ಹೋಗುತ್ತೆ. ಸೆಪ್ಟೆಂಬರ್ ಹೊತ್ತಿಗೆ ಪಡುವಣ ಗಾಳಿ ಸೋತ ಮೇಲೇ ಮೋಡ ನಿಂತು ಬೆಳೆಯೋದು, ನಿನ್ನ ಹಸ್ತ ಚಿತ್ತ ಸುರಿಯೋದು.

ಬೆಳೆಗಾರ: ಅಂದರೆ ಘಟ್ಟದಲ್ಲಿ ಬಿದ್ದ ನೀರು ನಮಗೆ ದಕ್ಕದೇ ಹೋಯಿತು.

ಮೇಷ್ಟ್ರು: ಗಾಳಿಯ ದಾರಿಯಲ್ಲಿ ದಕ್ಕಲಿಲ್ಲ, ನಾಲೆಯ ದಾರಿಯಲ್ಲಿ ಬರುತ್ತೆ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಹತ್ತಿರ, ಘಟ್ಟದ ಅಂಚಿನಲ್ಲಿ. ಅದೇ ಗಾಳಿ ಅಲ್ಲಿ ಇಳಿಸಿದ ನೀರು ಗೊರೂರಿನಲ್ಲಿ ನಿಂತು ನಾಲೆ ಹಿಡಿದು ತಿಪಟೂರು, ತುರುವೇಕೆರೆ ಕಡೆಗೆ ಬರುತ್ತೆ. ಘಟ್ಟದಲ್ಲಿ ಆಷಾಢ ಸೋತ ವರ್ಷ ನಾಲೆಯ ಕೊನೆಯಲ್ಲಿ ಏನಾಗುತ್ತೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಬೆಳೆಗಾರ: ಅದು ಬಿಡಿ, ಅದರ ಜಗಳವೇ ಬೇರೆ. ಈಗ ಚಿಕ್ಕನಾಯಕನಹಳ್ಳಿ ವಿಷಯ ಹೇಳಿ. ನಮ್ಮ ಭಾವಮೈದುನನ ತೋಟ ಅಲ್ಲಿ ಬೆಟ್ಟದ ಮೂಡಲ ಮಗ್ಗುಲಲ್ಲಿದೆ. ಬೆಟ್ಟ ಅಡ್ಡ ಇದೆ, ನಿಂಗೆ ಗಾಳಿ ಕಾಟ ಇಲ್ಲ ಬಿಡು ಅಂತ ನಾನಂದರೆ ಅವನು ಒಪ್ಪಲ್ಲ. ಒಂದು ಗಳಿಗೆ ಎಲೆ ಅಲ್ಲಾಡಲ್ಲ, ಮರುಗಳಿಗೆ ದಿಕ್ಕು ದೆಸೆ ಇಲ್ಲದೆ ಅಪ್ಪಳಿಸುತ್ತೆ ಅಂತಾನೆ.

ಮೇಷ್ಟ್ರು: ಅವನು ಹೇಳೋದೇ ಸರಿ. ಅಲ್ಲಿರೋದು ಬಿಡಿ ಗುಡ್ಡ ಅಲ್ಲ, ಗದಗದಿಂದ ಚಿತ್ರದುರ್ಗ, ಚಿಕ್ಕನಾಯಕನಹಳ್ಳಿ ಹಾದು ಶ್ರೀರಂಗಪಟ್ಟಣದ ಕಡೆಗೆ 400 ಕಿ.ಮೀ.ಗೂ ಉದ್ದ ಚಾಚಿದ ಹಳೆಯ ಶಿಲಾಪಟ್ಟಿಯ ತುಂಡು. ಕಬ್ಬಿಣ, ಮ್ಯಾಂಗನೀಸ್ ಅದಿರು ಸಿಕ್ಕಿದ್ದೂ ಅದರಲ್ಲೇ. ಪಟ್ಟಿ ಚಾಚಿರೋದು ಬಡಗಣದಿಂದ ತೆಂಕಣಕ್ಕೆ, ಗಾಳಿ ಬರೋದು ಪಡುವಣದಿಂದ. ಅಡ್ಡಡ್ಡ ಬಂದ ಗಾಳಿ ಬೆಟ್ಟ ಹತ್ತುವಾಗ ಇಕ್ಕಟ್ಟಾಗಿ ನೆತ್ತಿ ಮೇಲೆ ವೇಗ ಹೆಚ್ಚಿಸಿಕೊಳ್ಳುತ್ತೆ. ನೆತ್ತಿ ದಾಟಿದ ಮೇಲೆ ನೆಲಕ್ಕೆ ಅಂಟಿಕೊಂಡು ಇಳಿಯೋಕಾಗದೆ ಸುಳಿ ಸುತ್ತುತ್ತೆ. ಆ ಸುಳಿಯ ಕೆಳಗಿದೆ ಅವನ ತೋಟ. ಸರಾಸರಿ ತೆಗೆದರೆ ಅಲ್ಲಿ ಗಾಳಿ ಕಮ್ಮಿ. ಆದರೆ ಮರದ ಬುಡ ಸಡಿಲ ಮಾಡೋದು ಸರಾಸರಿ ಅಲ್ಲ, ದಿಕ್ಕು ಬದಲಿಸಿ ಬದಲಿಸಿ ಹೊಡೆಯೋ ಹೊಡೆತ.

ಬೆಳೆಗಾರ: ಚಿತ್ರದುರ್ಗದ ಬೆಟ್ಟದ ಮೇಲೆ ಗಾಳಿಯಂತ್ರ ನೆಟ್ಟಿರೋದು ಅದಕ್ಕೇನಾ?

ಮೇಷ್ಟ್ರು: ಅದಕ್ಕೇ. ಚಿತ್ರದುರ್ಗದ ಬೆಟ್ಟ, ಗದಗದ ಕಪ್ಪತಗುಡ್ಡ ಎರಡೂ ಇದೇ ಪಟ್ಟಿ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರೋ ಶಕ್ತಿ ಎಂಟರಷ್ಟಾಗುತ್ತೆ. ನೆತ್ತಿ ಮೇಲೆ ಚೂರು ವೇಗ ಹೆಚ್ಚು ಸಿಕ್ಕರೂ ಕರೆಂಟಿನ ಲೆಕ್ಕದಲ್ಲಿ ದೊಡ್ಡ ಲಾಭ. ವರ್ಷದ ಉತ್ಪಾದನೆಯ ಹೆಚ್ಚಿನ ಪಾಲು ಬರೋದೂ ಮೇಯಿಂದ ಸೆಪ್ಟೆಂಬರ್ ಒಳಗೆ. ನಮಗೆ ಮಳೆ ಕೊಡದ ಆಷಾಢವೇ ಅವರಿಗೆ ಸುಗ್ಗಿ.

ಬೆಳೆಗಾರ: ಕಣಿವೆ ಇರೋ ಕಡೆ? ಮದಲಿಂಗನ ಕಣಿವೆ, ಬೋರನಕಣಿವೆ ಅಂತ ಅಲ್ಲಿ ಬೆಟ್ಟ ಸೀಳಿದೆಯಲ್ಲ.

ಮೇಷ್ಟ್ರು: ಬೆಟ್ಟಸಾಲಿನಲ್ಲಿ ಸಂದು ಸಿಕ್ಕಿದರೆ, ಕೆರೆಯ ತೂಬಿನಲ್ಲಿ ನೀರು ನುಗ್ಗೋ ಹಾಗೆ ಗಾಳಿ ಅಲ್ಲೇ ನುಗ್ಗುತ್ತೆ. ಕಣಿವೆಯ ಬಾಯಿಗೆ ನೇರವಾಗಿರೋ ಹೊಲಕ್ಕೂ ಅದರ ಪಕ್ಕ ಬೆಟ್ಟದ ಮರೆಯಲ್ಲಿರೋ ಹೊಲಕ್ಕೂ ಗಾಳಿ ಒಂದೇ ಅಲ್ಲ. ದೊಡ್ಡ ಪ್ರಮಾಣದಲ್ಲಿ ನೋಡಬೇಕು ಅಂದರೆ ಪಾಲಕ್ಕಾಡಿಗೆ ಹೋಗು. ಅಲ್ಲಿ ಪಶ್ಚಿಮಘಟ್ಟವೇ 30 ಕಿ.ಮೀ.ಗೂ ಹೆಚ್ಚು ಅಗಲ ತೆರೆದಿದೆ. ಮುಂಗಾರಿನ ಗಾಳಿ ಬೆಟ್ಟ ಹತ್ತೋ ಗೋಜಿಲ್ಲದೆ ಅಲ್ಲಿಂದ ಕೊಯಮತ್ತೂರು, ಪೊಳ್ಳಾಚಿ ಕಡೆ ನುಗ್ಗುತ್ತೆ. ಪೊಳ್ಳಾಚಿಯೂ ತೆಂಗಿನ ನಾಡೇ. ಅವರ ಪಡುವಣಕ್ಕೆ ತೆರೆದ ಬಾಗಿಲು, ನಮ್ಮ ಪಡುವಣಕ್ಕೆ ಮುಳ್ಳಯ್ಯನಗಿರಿ.

ಬೆಳೆಗಾರ: ಇಷ್ಟೆಲ್ಲ ಕೇಳಿದ ಮೇಲೂ ನನ್ನ ಕಿಟಕಿ ಪಡುವಣಕ್ಕೇ ಸರಿ ಅನ್ನಿಸುತ್ತೆ. ಗಾಳಿ ಜೋರಾಗಿರೋದು ಈ ಕಡೆಯೇ ಅಲ್ವಾ? ಜೋರು ಗಾಳಿಗೆ ಕಾಯಿ ಬೇಗ ಒಣಗುತ್ತೆ.

ಮೇಷ್ಟ್ರು: ಇಲ್ಲೇ ನೀನು ಎಡವೋದು. ಒಣಗಿಸೋದು ಗಾಳಿಯ ಜೋರಲ್ಲ, ಅದರ ಒಣತನ. ಆಷಾಢದ ಗಾಳಿ ಮಳೆ ಕಳಕೊಂಡಿದ್ದರೂ ತಂಪು ಗಾಳಿ, ತೇವದ ಗಾಳಿ. ಬೆಳಿಗ್ಗೆ ಹೊತ್ತು ಗೋಡೆ ಮುಟ್ಟಿ ನೋಡು, ಒಗೆದ ಬಟ್ಟೆ ನೋಡು. ಈ ತಿಂಗಳಲ್ಲಿ ನಿಮ್ಮಪ್ಪ ಅಟ್ಟದ ಕೆಳಗೆ ಯಾಕೆ ಹೊಗೆ ಹಾಕ್ತಿದ್ದರು?

ಬೆಳೆಗಾರ: ಬೂಷ್ಟು ಹಿಡಿಯುತ್ತೆ ಅಂತ. ಸಿಪ್ಪೆ ಸುಟ್ಟು ಸಣ್ಣಗೆ ಹೊಗೆ ಹಾಕೋರು.

ಮೇಷ್ಟ್ರು: ನೋಡು, ಉತ್ತರ ನಿನ್ನ ಮನೆಯಲ್ಲೇ ಇತ್ತು. ನಿಜವಾಗಿ ಒಣಗಿಸೋದು ಮೂಡಗಾಳಿ. ಡಿಸೆಂಬರಿನಿಂದ ಆಚೆಗೆ ಗಾಳಿ ಈಶಾನ್ಯಕ್ಕೆ, ಮೂಡಣಕ್ಕೆ ತಿರುಗುತ್ತೆ. ಹಿಂಗಾರು ಮುಗಿಯೋ ಹೊತ್ತಿಗೆ ಅದರಲ್ಲಿ ಹೆಚ್ಚು ತೇವ ಇರಲ್ಲ. ಆಕಾಶ ತಿಳಿ, ಬಿಸಿಲು ಖಾರ, ರಾತ್ರಿ ಚಳಿ. ರಾಗಿ ಕಣ ನೆನಪಿಸಿಕೋ.

ಬೆಳೆಗಾರ: ಹೌದು ಹೌದು. ರಾಗಿ ತೂರುವಾಗ ಮೂಡಲಕ್ಕೆ ಬೆನ್ನು ಕೊಟ್ಟು ನಿಲ್ಲೋರು. ಮೊರ ತಲೆ ಮೇಲೆ ಎತ್ತಿ ಅಂಚು ಅಲ್ಲಾಡಿಸಿದರೆ ಕಾಳು ನೆಟ್ಟಗೆ ಕಾಲ ಬುಡಕ್ಕೆ, ಹೊಟ್ಟು ಪಡುವಣದ ಕಡೆಗೆ. ಗಾಳಿ ಬಂದಾಗ ತೂರಿಕೋ ಅಂತ ಸುಮ್ಮನೆ ಹೇಳಲಿಲ್ಲ, ಒಂದೊಂದು ದಿನ ಬೆಳಗಿನಿಂದ ಮೊರ ಹಿಡಿದು ಕಾಯ್ತಾ ಕೂರಬೇಕಾಗಿತ್ತು. ಅದು ಆಷಾಢದ ಗಾಳಿಯಂಥದ್ದಲ್ಲ, ಸಣ್ಣದು. ಆದರೆ ತುಟಿ ಒಡೆಯುತ್ತೆ.

ಮೇಷ್ಟ್ರು: ತುಟಿ ಒಡೆಸೋ ಗಾಳಿಯೇ ಕಾಯಿಯೊಳಗಿನ ನೀರು ಹಿಂಗಿಸೋದು. ಸಂಕ್ರಾಂತಿಯಿಂದ ಯುಗಾದಿವರೆಗೆ ನಿನ್ನ ಅಟ್ಟ ಮೂಡಲಕ್ಕೆ ತೆರೆದಿರಬೇಕು. ಉಂಡೆ ಕೊಬ್ಬರಿ ಅಂದರೆ ತಿಪಟೂರು ಅಂತ ಹೆಸರು ಬರೋಕೆ ಕಾರಣವೇ ಈ ಹವೆ. ಕರಾವಳಿಯಲ್ಲೂ ಕೇರಳದಲ್ಲೂ ಮಳೆಗಾಲ ಉದ್ದ, ಉಳಿದ ಕಾಲದಲ್ಲೂ ಮಧ್ಯಾಹ್ನವಾದರೆ ಕಡಲಗಾಳಿ ತೇವ ಹೊತ್ತು ತರುತ್ತೆ. ಇಡೀ ಕಾಯಿಯನ್ನ ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಡೋದು ಅಲ್ಲಿ ಕಷ್ಟ. ಅದಕ್ಕೇ ಅವರು ಕಾಯಿ ಒಡೆದು ಹೋಳು ಒಣಗಿಸಿ ಎಣ್ಣೆ ಗಾಣಕ್ಕೆ ಕಳಿಸ್ತಾರೆ. ಸರ್ಕಾರವೂ ಎರಡಕ್ಕೂ ಬೇರೆ ಬೇರೆ ಬೆಂಬಲ ಬೆಲೆ ಕಟ್ಟುತ್ತೆ. 2025ರ ಹಂಗಾಮಿಗೆ ಉಂಡೆಗೆ ಕ್ವಿಂಟಾಲಿಗೆ 12,100 ರೂಪಾಯಿ, ಎಣ್ಣೆ ಕೊಬ್ಬರಿಗೆ 11,582. ಘಟ್ಟ ಮಳೆ ತಡೆದದ್ದು ಅನ್ಯಾಯ ಅಂತೀಯಲ್ಲ, ಆ ತಡೆ ಇಲ್ಲದಿದ್ದರೆ ತಿಪಟೂರು ಮಾರ್ಕೆಟ್ಟಿಗೆ ಉಂಡೆ ಕೊಬ್ಬರಿಯೇ ಬರ್ತಿರಲಿಲ್ಲ.

ಬೆಳೆಗಾರ: ಸರಿ, ಮೂಡಲಕ್ಕೂ ಒಂದು ಕಿಟಕಿ ಆಯಿತು. ಆದರೆ ಮೂಡಗಾಳಿ ಯಾವಾಗಲೂ ಒಣಗಾಳಿ ಅಲ್ಲ ಮೇಷ್ಟ್ರೇ. 2024ರ ಡಿಸೆಂಬರ್ ಮೊದಲ ವಾರ ನೆನಪಿದೆಯಾ? ಕುಯ್ದು ಹಾಕಿದ್ದ ರಾಗಿ ಹೊಲದಲ್ಲೇ ನೆನೆದು ಹೋಯಿತು.

ಮೇಷ್ಟ್ರು: ಫೆಂಗಲ್ ಚಂಡಮಾರುತ. ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ಆಮೇಲೆ ದುರ್ಬಲವಾಗಿ ತಮಿಳುನಾಡಿನ ಒಳನಾಡು, ನಮ್ಮ ದಕ್ಷಿಣ ಕರ್ನಾಟಕದ ಕಡೆ ಹಾದು ಅರಬ್ಬೀ ಸಮುದ್ರ ಸೇರಿತು. ನಮ್ಮ ಮೂಡಣಕ್ಕಿರೋ ಪೂರ್ವಘಟ್ಟ ಕುಳ್ಳು, ಅಲ್ಲಲ್ಲಿ ಮುರಿದು ಹೋದ ಸಾಲು. ಪಡುವಣದಲ್ಲಿರುವಂಥ ಗೋಡೆ ಅಲ್ಲಿಲ್ಲ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಅದರ ತೇವ ಇಲ್ಲಿವರೆಗೆ ಬರುತ್ತೆ. ಅಂಥ ದಿನಗಳಲ್ಲಿ ಗಾಳಿಯ ದಿಕ್ಕು ಗಮನಿಸು. ನಮ್ಮ ಭೂಗೋಳಾರ್ಧದಲ್ಲಿ ಚಂಡಮಾರುತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತೆ. ಅದು ನಮ್ಮ ಆಗ್ನೇಯಕ್ಕಿದ್ದಾಗ ಗಾಳಿ ಈಶಾನ್ಯದಿಂದ ಬೀಸುತ್ತೆ, ದಾಟಿ ಪಡುವಣಕ್ಕೆ ಹೋದ ಮೇಲೆ ತೆಂಕಣದಿಂದ ಬೀಸುತ್ತೆ. ಗಾಳಿ ತೆಂಕಣಕ್ಕೆ ತಿರುಗಿತು ಅಂದರೆ ಕೇಂದ್ರ ನಮ್ಮನ್ನ ದಾಟಿತು ಅಂತ ಲೆಕ್ಕ.

ಬೆಳೆಗಾರ: ಮರ ಬೀಳಿಸೋ ಗಾಳಿ ಇದ್ಯಾವುದೂ ಅಲ್ಲ. ಏಪ್ರಿಲ್, ಮೇ ತಿಂಗಳಿನ ಗಾಳಿಮಳೆ ಅದು. ಒಂದು ಗಂಟೆ ಮುಂಚೆ ಎಲೆ ಅಲ್ಲಾಡಲ್ಲ, ಬೆವರು ಸುರಿಯುತ್ತೆ. ಆಮೇಲೆ ಇದ್ದಕ್ಕಿದ್ದ ಹಾಗೆ ಮಣ್ಣಿನ ವಾಸನೆ ಹೊತ್ತು ತಣ್ಣನೆ ಗಾಳಿ ನುಗ್ಗುತ್ತೆ. ಹತ್ತು ನಿಮಿಷದಲ್ಲಿ ಬಾಳೆ ಮಲಗುತ್ತೆ, ತೆಂಗು ಬುಡಮೇಲಾಗುತ್ತೆ, ಶೀಟು ಹಾರುತ್ತೆ. ಇದು ಯಾವ ದಿಕ್ಕಿನದು?

ಮೇಷ್ಟ್ರು: ಇದಕ್ಕೆ ತಿಂಗಳ ದಿಕ್ಕಿಲ್ಲ, ಮೋಡದ ದಿಕ್ಕು. ಎತ್ತರದ ಗುಡುಗು ಮೋಡದಿಂದ ಬೀಳೋ ಮಳೆ ದಾರಿಯಲ್ಲೇ ಸ್ವಲ್ಪ ಆವಿಯಾಗಿ ಸುತ್ತಲಿನ ಗಾಳಿಯನ್ನ ತಣ್ಣಗೆ ಮಾಡುತ್ತೆ. ತಣ್ಣಗಾದ ಗಾಳಿ ಭಾರ. ಅದು ಕುಸಿದು ಬಂದು ನೆಲಕ್ಕೆ ಬಡಿದು ಸುತ್ತ ಹರಡುತ್ತೆ. ಮಳೆಗಿಂತ ಮುಂಚೆ ನಿನ್ನ ತೋಟಕ್ಕೆ ಬರೋದು ಅದರ ಅಂಚು. ಆದ್ದರಿಂದ ಮೋಡ ಎಲ್ಲಿ ನಿಂತಿದೆಯೋ ಅಲ್ಲಿಂದ ಗಾಳಿ. ಅಪಾಯ ಯಾಕೆ ಹೆಚ್ಚು ಅಂದರೆ, ಗಾಳಿಯ ವೇಗ ಎರಡರಷ್ಟಾದರೆ ಮರದ ಮೇಲಿನ ನೂಕು ನಾಲ್ಕರಷ್ಟಾಗುತ್ತೆ. ಆಷಾಢದ ಗಾಳಿಗೆ ತಿಂಗಳುಗಟ್ಟಲೆ ಬಗ್ಗದ ಮರ ಇದರ ಒಂದು ಏಟಿಗೆ ಉರುಳೋದು ಅದಕ್ಕೇ.

ಬೆಳೆಗಾರ: ಇನ್ನೊಂದು ಅನುಮಾನ. ಆ ನುಸಿ ಪೀಡೆ ಗಾಳಿಯಲ್ಲೇ ಬಂತು ಅಂತಾರೆ. ಕಾಯಿ ಮೇಲೆಲ್ಲ ಕಂದು ಗೀರು ಬಿದ್ದು, ಗಾತ್ರ ಕಿರಿದಾಗಿ, ಸುಲಿಯೋಕೆ ಬಾರದ ಹಾಗೆ ಸಿಪ್ಪೆ ಅಂಟಿಕೊಂಡ ವರ್ಷಗಳು ಮರೆಯೋ ಹಾಗಿಲ್ಲ.

ಮೇಷ್ಟ್ರು: ಭಾರತದಲ್ಲಿ ಅದು ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಆ ನುಸಿ ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ತೊಟ್ಟಿನ ಕೆಳಗೆ ಅಡಗಿ ಎಳೆಗಾಯಿಯ ರಸ ಹೀರುತ್ತೆ. ಹೊರಗೆ ಬಂದಾಗ ಗಾಳಿ ಎತ್ತಿಕೊಂಡು ಹೋಗಿ ಪಕ್ಕದ ಮರಕ್ಕೆ, ಪಕ್ಕದ ತೋಟಕ್ಕೆ ಹಾಕುತ್ತೆ. ಊರಿಂದ ಊರಿಗೆ ಕಾಯಿ ತುಂಬಿದ ಲಾರಿಯೂ ಸಾಗಿಸಿದ್ದುಂಟು. ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟೋ ಹಾಗಿಲ್ಲ.

ಬೆಳೆಗಾರ: ಹಂಗಾದರೆ ಪಡುವಣ ಬದಿಗೆ ಎತ್ತರವಾಗಿ ಕಾಂಪೌಂಡ್ ಎಬ್ಬಿಸಿಬಿಡಲಾ? ಗರಿಯೂ ಉಳಿಯುತ್ತೆ, ಹರಳು ಉದುರೋದೂ ನಿಲ್ಲುತ್ತೆ.

ಮೇಷ್ಟ್ರು: ದುಡ್ಡು ದಂಡ. ಗೋಡೆ ಗಾಳಿಯನ್ನ ಪೂರಾ ತಡೆದರೆ ಅದು ಮೇಲೆ ಹಾರಿ, ಹಿಂದೆ ಬಂದು ಸುಳಿ ಸುತ್ತುತ್ತೆ. ನಿನ್ನ ಭಾವಮೈದುನನ ಬೆಟ್ಟದ ಕಥೆಯೇ ಸಣ್ಣದಾಗಿ ನಿನ್ನ ತೋಟದಲ್ಲಿ ನಡೆಯುತ್ತೆ. ಅರ್ಧ ಗಾಳಿಯನ್ನ ಒಳಗೆ ಬಿಟ್ಟು ಅರ್ಧ ತಡೆಯೋ ಮರದ ಸಾಲೇ ಒಳ್ಳೇದು. ಸಾಲು ಎಷ್ಟು ಎತ್ತರ ಇದೆಯೋ ಅದರ ಹತ್ತು ಹದಿನೈದರಷ್ಟು ದೂರದವರೆಗೆ ಗಾಳಿಯ ಬಿಗಿ ಕಮ್ಮಿ ಆಗುತ್ತೆ. 10 ಮೀಟರ್ ಮರಕ್ಕೆ 100ರಿಂದ 150 ಮೀಟರ್.

ಬೆಳೆಗಾರ: ಪಕ್ಕದವರು ಸಿಲ್ವರ್ ಓಕ್ ಹಾಕಿದ್ದಾರೆ. ಆದರೆ ಬುಡದಲ್ಲಿ ಬರೀ ಕಾಂಡ, ಗಾಳಿ ಅದರಡಿಯಲ್ಲೇ ನುಗ್ಗುತ್ತೆ.

ಮೇಷ್ಟ್ರು: ಅದಕ್ಕೇ ಎರಡು ಅಂತಸ್ತು ಬೇಕು. ಬದುವಿನ ಮೇಲೆ ಹೊಂಗೆ, ಬೇವು. ಅದರ ಕೆಳಗೆ ಗ್ಲಿರಿಸಿಡಿಯಾ. ಸೊಪ್ಪು ಗೊಬ್ಬರಕ್ಕೂ ಆಗುತ್ತೆ. ನಮ್ಮ ಹಿರಿಯರು ಬದುವಿನಲ್ಲಿ ಹೊಂಗೆ ಬಿಟ್ಟಿದ್ದರು. ಟ್ರ್ಯಾಕ್ಟರ್ ತಿರುಗಿಸೋಕೆ ಅಡ್ಡ ಅಂತ ನಾವು ಕಡಿದೆವು. ಇನ್ನೊಂದು ಮಾತು, ಮೊಬೈಲ್ ನೋಡಿ ಗಾಳಿ ಲೆಕ್ಕ ಹಾಕಬೇಡ. ಹವಾಮಾನದವರು ಗಾಳಿ ಅಳೆಯೋದು ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ. ನಿನ್ನ ಮರದ ತಲೆ ಅದಕ್ಕಿಂತ ಎತ್ತರ, ನಿನ್ನ ಅಟ್ಟ ಅದಕ್ಕಿಂತ ತಗ್ಗು. ತೋಟದ ಅಂಚಿನಲ್ಲಿ ಉದ್ದ ಗಳ ನೆಟ್ಟು ತುದಿಗೆ ಬಟ್ಟೆ ಕಟ್ಟು. ದಿನಾ ಬೆಳಿಗ್ಗೆ, ಮಧ್ಯಾಹ್ನ ಅದು ಯಾವ ಕಡೆಗೆ ಹಾರ್ತಿದೆ ಅಂತ ಕ್ಯಾಲೆಂಡರಿನಲ್ಲಿ ಬರಕೋ.

ಬೆಳೆಗಾರ: ಆಯಿತು. ಈಗ ಗಾರೆಯವನಿಗೆ ಏನು ಹೇಳಲಿ?

ಮೇಷ್ಟ್ರು: ಶೆಡ್ಡಿನ ಉದ್ದ ಬಡಗಣ ತೆಂಕಣಕ್ಕೆ ಇರಲಿ. ಆಗ ಉದ್ದಗೋಡೆಗಳು ಎರಡೂ ಗಾಳಿಗೆ ಎದುರಾಗುತ್ತವೆ. ಮೂಡಲ ಗೋಡೆಗೆ ದೊಡ್ಡ ಕಿಟಕಿ, ಪಡುವಣಕ್ಕೆ ಅದರ ಎದುರೆದುರೇ ಸ್ವಲ್ಪ ಚಿಕ್ಕದು. ಒಂದು ಕಡೆ ಬಂದ ಗಾಳಿ ಇನ್ನೊಂದು ಕಡೆ ಹೊರಗೆ ಹೋಗದಿದ್ದರೆ ಕಿಟಕಿ ಇಟ್ಟೂ ದಂಡ. ಎರಡಕ್ಕೂ ಗಟ್ಟಿ ಬಾಗಿಲಿರಲಿ. ಆಷಾಢದಲ್ಲಿ ಸೋನೆ ಇದ್ದ ದಿನ ಪಡುವಣದ್ದು ಮುಚ್ಚು, ಮೇ ತಿಂಗಳಲ್ಲಿ ಮೋಡ ಕಟ್ಟಿದರೆ ಎರಡನ್ನೂ ಮುಚ್ಚು, ಸಂಕ್ರಾಂತಿಯಿಂದ ಯುಗಾದಿವರೆಗೆ ಎರಡನ್ನೂ ತೆಗೆದಿಡು. ಶೀಟನ್ನ ಬರೀ ಮೊಳೆ ಹೊಡೆದು ಬಿಡಬೇಡ, ಕೊಕ್ಕೆ ಬೋಲ್ಟ್ ಹಾಕಿಸು. ಬದುವಿನ ಮೇಲೆ ಹೊಂಗೆ ಸಸಿ ಈ ಮಳೆಯಲ್ಲೇ ನೆಡು.